ತಾಯಿ ಅಚ್ಚಿಗೆ ಉಳಿ ಇಟ್ಟ ದಳವಾಯಿ

ನಾಳೆಯಿಂದ ನಿಮಗೆ ಕಂಪ್ಯೂಟರ್ ಪಾಠದಲ್ಲಿ ಕ್ಲಾಸು, ಆಬ್ಜೆಕ್ಟು ಅಂತ ಶುರು ಮಾಡ್ತಾರಂತೆ. ಆ ಹೆಸರು ಕೇಳಿ ಹೆದರಬೇಡಿ. ಹೆದರೋದಿದ್ದರೆ ಈ ಕಥೆಗೆ ಹೆದರಿ. ಸ್ವಲ್ಪ ಹತ್ತಿರ ಬನ್ನಿ.

ಕೆಮ್ಮಣ್ಣುಕೋಟೆ ಅನ್ನೋ ರಾಜ್ಯದಲ್ಲಿ ಈರಕ್ಕ ಅನ್ನೋ ಹೆಂಗಸು ಇದ್ದಳು. ಮರದ ಅಚ್ಚು ಕೆತ್ತಿ ಮಣ್ಣಿನ ಬೊಂಬೆ ಮಾಡುವುದು ಅವಳ ಕೆಲಸ. ಮಾತು ಕಡಿಮೆ. ಯಾರಾದರೂ ಜೋರಾಗಿ ಕೂಗಿದರೆ ಒಳಮನೆಗೆ ಸರಿಯುತ್ತಿದ್ದಳು. ಮನೆಯಲ್ಲಿ ಅತ್ತೆ ನಿಂಗವ್ವ, ತೊಟ್ಟಿಲಲ್ಲಿ ಕೂಸು. ಅವಳಿಗೆ ಅಷ್ಟೇ ಜನ.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯೋದು ನೋಡಿದ್ದೀರಲ್ಲ? ಮರದ ಎರಡು ಹೋಳು, ನಡುವೆ ಪಾಕ. ಈರಕ್ಕನ ಅಚ್ಚೂ ಹಾಗೇ. ಪಾಕದ ಬದಲು ಮಣ್ಣು. ಅಚ್ಚು ಒಂದೇ, ಬೊಂಬೆ ನೂರು. ಅಚ್ಚಿನ ಒಳಮೈಯಲ್ಲಿ ಅವಳು ಮಾತು ಕೆತ್ತುತ್ತಿದ್ದಳು. ಕೆತ್ತಿದ ಮಾತು ಬೊಂಬೆಗೆ ಬರುತ್ತಿತ್ತು. ‘ಕಾಯಿ’ ಅಂದರೆ ಕಾಯೋದು, ‘ನಿಲ್ಲು’ ಅಂದರೆ ನಿಲ್ಲೋದು.

ಎಲ್ಲಕ್ಕೂ ಮೂಲ ಒಂದು ತಾಯಿ ಅಚ್ಚು. ಅದರಿಂದ ಮರಿ ಅಚ್ಚುಗಳು. ಬಾಗಿಲ ಬೊಂಬೆಗೊಂದು, ಬಾವಿಯ ಬೊಂಬೆಗೊಂದು, ತೊಟ್ಟಿಲ ಬೊಂಬೆಗೊಂದು. ತಾಯಿಗೆ ಗೊತ್ತಿದ್ದದ್ದನ್ನು ಮರಿಗಳಿಗೆ ಮತ್ತೆ ಕಲಿಸಬೇಕಿರಲಿಲ್ಲ. ಆದರೆ ಒಂದೇ ‘ಕಾಯಿ’ ಅನ್ನೋ ಮಾತಿಗೆ ಬಾಗಿಲ ಬೊಂಬೆ ಹೊಸಿಲು ಕಾಯುತ್ತಿತ್ತು, ಬಾವಿಯ ಬೊಂಬೆ ಮಕ್ಕಳನ್ನು ಕಟ್ಟೆಯಿಂದ ಹಿಂದೆ ತಳ್ಳುತ್ತಿತ್ತು, ತೊಟ್ಟಿಲ ಬೊಂಬೆ ನೊಣ ಓಡಿಸುತ್ತಿತ್ತು. ಬೊಂಬೆ ಮೊದಲು ತನ್ನ ಅಚ್ಚಿನಲ್ಲಿ ಮಾತು ಹುಡುಕುತ್ತಿತ್ತು. ಅಲ್ಲಿ ಸಿಗದಿದ್ದರೆ ಮಾತ್ರ ತಾಯಿಯ ಹತ್ತಿರ ಹೋಗುತ್ತಿತ್ತು.

ಇನ್ನೊಂದು ಇದೆ. ಬೊಂಬೆಗೂ ಅಚ್ಚಿಗೂ ಹೊಕ್ಕುಳಬಳ್ಳಿ ಕಡಿಯುತ್ತಿರಲಿಲ್ಲ. ತಾಯಿ ಅಚ್ಚಿನಲ್ಲಿ ಇವತ್ತು ಒಂದು ಗೀರು ಬಿದ್ದರೆ, ಎಂದೋ ಮಾಡಿದ ಬೊಂಬೆಗೂ ಇವತ್ತೇ ಅದು ತಗಲುತ್ತಿತ್ತು. ಅದಕ್ಕೇ ಅವರ ಮನೆತನದಲ್ಲಿ ಒಂದು ಕಟ್ಟಳೆ. ಮೊದಲ ಬೊಂಬೆ ಹೊರಬಿದ್ದ ಮೇಲೆ ತಾಯಿ ಅಚ್ಚಿಗೆ ಉಳಿ ತಾಕಿಸಬಾರದು. ಅರಿಶಿನದ ಬಟ್ಟೆ ಸುತ್ತಿ ಗೋಡೆಯ ನಾಗಂದಿಗೆ ಹಲಗೆಯ ಮೇಲೆ ಇಟ್ಟುಬಿಡಬೇಕು.

ಆ ರಾಜ್ಯದ ದಳವಾಯಿ ಸೋವರಸ. ಅವನಿಗೆ ಸಿಂಹಾಸನದ ಆಸೆ. ಎಲ್ಲರನ್ನೂ ಹೆದರಿಸುವವನು, ಎಲ್ಲರಿಗಿಂತ ಹೆಚ್ಚು ಹೆದರುವವನು. ಬೆನ್ನ ಹಿಂದೆ ಯಾರು ಬರುತ್ತಾರೋ ಅಂತ ತನಗೊಬ್ಬನಿಗೇ ಬೆನ್ನು ಕಾಯುವ ಬೊಂಬೆ ಮಾಡಿಸಿಕೊಂಡಿದ್ದ. ಅದು ಹಗಲೂ ರಾತ್ರಿ ಅವನ ಹಿಂದೆಯೇ ನಡೆಯುತ್ತಿತ್ತು.

ಒಂದು ದಿನ ಸೋವರಸ ದೊರೆಯ ಹತ್ತಿರ ಹೋಗಿ, ತಾಯಿ ಅಚ್ಚು ಬಡವರ ಮನೆಯಲ್ಲಿದ್ದರೆ ಕಳ್ಳರ ಪಾಲಾಗುತ್ತದೆ, ತನ್ನ ಬಳಿ ಇರಲಿ ಅಂದ. ದೊರೆ ಹೂಂ ಅಂದ. ಆಳುಗಳು ಬಂದು ಅಚ್ಚನ್ನೂ ಒಂದು ಉಳಿಯನ್ನೂ ಹೊತ್ತುಕೊಂಡು ಹೋದರು. ಈರಕ್ಕನ ಕೈಯಲ್ಲಿ ಅರಿಶಿನದ ಬಟ್ಟೆ ಮಾತ್ರ ಉಳಿಯಿತು.

ಮೊದಲ ವಾರ ಸೋವರಸ ತಾಯಿ ಅಚ್ಚಿನಲ್ಲಿ ‘ನೋಡು’ ಅಂತ ಕೆತ್ತಿದ. ಮಾರನೆಯ ಬೆಳಿಗ್ಗೆ ಊರಿನ ಬೊಂಬೆಗಳೆಲ್ಲ ಕಣ್ಣು ಬಿಟ್ಟವು. ಜನ ಎತ್ತ ನಡೆದರೆ ಅತ್ತ ಕುತ್ತಿಗೆ ತಿರುಗಿತು.

ಎರಡನೆಯ ವಾರ ‘ಹೇಳು’ ಅಂತ ಕೆತ್ತಿದ. ಯಾರಿಗೂ ಏನೂ ಗೊತ್ತಾಗಲಿಲ್ಲ. ಅವತ್ತು ನಿಂಗವ್ವ ಊಟ ಬಡಿಸುತ್ತಾ ಬಾಗಿಲ ಬೊಂಬೆಯ ಕಡೆ ತಿರುಗಿ, “ಏನು ಹಂಗೆ ಗುರಾಯಿಸ್ತೀಯಾ? ಸಾರಿಗೆ ಉಪ್ಪಿಲ್ಲ ಅಂತ ದಳವಾಯಿಗೆ ಹೋಗಿ ಚಾಡಿ ಹೇಳು” ಅಂತ ನಕ್ಕಳು.

ಮರುದಿನ ದಳವಾಯಿಯ ಮನೆಯಿಂದ ಆಳು ಬಂದ. ಎಲೆಯಲ್ಲಿ ಕಟ್ಟಿದ ಒಂದು ಹಿಡಿ ಉಪ್ಪು ಹೊಸಿಲ ಮೇಲಿಟ್ಟ. ಬಂದ ದಾರಿಯಲ್ಲೇ ಹೋದ.

ಅಂದಿನಿಂದ ನಿಂಗವ್ವ ನಗಲಿಲ್ಲ. ಊರಲ್ಲಿ ಗಂಡ ಹೆಂಡತಿ ಮಾತು ಬಿಟ್ಟರು. ಜೋಗುಳವನ್ನೂ ಬಾಯಿಮುಚ್ಚಿ ಹಾಡಿದರು. ಬೊಂಬೆ ಒಡೆದ ಒಬ್ಬ ಮಡಿವಾಳನನ್ನು ಸಂಜೆಯೊಳಗೆ ಎಳೆದುಕೊಂಡು ಹೋದರು. ಅವನು ಒಡೆದ ಬೊಂಬೆಯ ಹೊಟ್ಟೆಯಲ್ಲಿ ಬರೀ ಮಣ್ಣಿತ್ತು. ಬೊಂಬೆಯ ಹೊಟ್ಟೆಯಲ್ಲಿರುವುದು ಕೇಳಿದರೆ ಬರುತ್ತದೆ, ಬಗೆದರೆ ಬರೋದಿಲ್ಲ.

ಮೂರನೆಯ ವಾರ ಬಂತು. ಬೆಳಿಗ್ಗೆ ಈರಕ್ಕ ಕೂಸಿಗೆ ಹಾಲೂಡಿಸಿ ತೊಟ್ಟಿಲಲ್ಲಿ ಹಾಕಿದಳು. ತೊಟ್ಟಿಲ ಬೊಂಬೆಯ ಕೈ ನೋಡಿದಳು. ಅವಳು ಅದನ್ನು ಮುಷ್ಟಿ ಬಿಗಿದಂತೆ ಮಾಡಿದ್ದಳು. ಈಗ ಬೆರಳು ಬಿಚ್ಚಿದ್ದವು.

ಅವಳು ತೊಟ್ಟಿಲ ಪಕ್ಕ ಮಂಡಿಯೂರಿದಳು. ಬೊಂಬೆಯ ಕಿವಿಯ ಹತ್ತಿರ ಬಾಗಿ, ನಿನಗೆ ಯಾವ ಯಾವ ಮಾತು ಬರುತ್ತೆ ಅಂತ ಕೇಳಿದಳು. ಕಾಯಿ, ನಿಲ್ಲು, ನೋಡು, ಹೇಳು, ಹಿಡಿ ಅಂದಿತು ಬೊಂಬೆ.

“ಹಿಡಿ ಅಂದರೆ?”

“ಹತ್ತಿರ ಇರುವವರ ಕೊರಳು. ದಳವಾಯಿ ಕೂಗಿದಾಗಿನಿಂದ ಅವರೇ ಬಿಡು ಅನ್ನುವವರೆಗೂ.”

ಆ ಬೊಂಬೆಗೆ ಹತ್ತಿರ ಇದ್ದದ್ದು ಯಾರು ಹೇಳಿ? ಕೂಸು. ಅದರ ಕೊರಳು ಅಂದರೆ ಎಷ್ಟು, ಬಾಳೆಯ ಸುಳಿಯಷ್ಟು.

ಅಷ್ಟರಲ್ಲಿ ಬೀದಿಯಲ್ಲಿ ಡಂಗುರ. ಹುಣ್ಣಿಮೆಯ ಮಧ್ಯಾಹ್ನ ಯಾರೂ ಮನೆ ಬಿಟ್ಟು ಕದಲಬಾರದು, ದಳವಾಯಿಗಳು ಕೊತ್ತಲದ ಮೇಲೆ ನಿಂತು ಒಂದೇ ಒಂದು ಮಾತು ಹೇಳುತ್ತಾರೆ ಅಂತ. ಆ ಮಾತು ಯಾವುದು ಅಂತ ಊರಲ್ಲಿ ಈರಕ್ಕನಿಗೊಬ್ಬಳಿಗೇ ಗೊತ್ತು. ಕೂಸನ್ನು ಎತ್ತಿಕೊಂಡು ಓಡೋಣ ಅಂದರೆ ಬಾಗಿಲಿಗೊಂದು ಬೊಂಬೆ, ಬಾವಿಗೊಂದು ಬೊಂಬೆ. ಯಾರಿಗಾದರೂ ಹೇಳೋಣ ಅಂದರೆ ಎಲ್ಲ ಗೋಡೆಗೂ ಕಿವಿ. ತಾಯಿ ಅಚ್ಚಂತೂ ಅವನ ಮಂಚದ ಕೆಳಗೆ.

ಅವಳು ಮರಿ ಅಚ್ಚುಗಳನ್ನು ಮುಂದೆ ಹಾಕಿಕೊಂಡು ಕೂತಳು. ಉಳಿ ಹಿಡಿದಳು. ಒಂದೊಂದಾಗಿ ಕೆತ್ತಿದಳು. ಬಾಗಿಲ ಅಚ್ಚು ಮುಗಿಯಿತು. ಬಾವಿಯ ಅಚ್ಚು ಮುಗಿಯಿತು. ತೊಟ್ಟಿಲ ಅಚ್ಚು ಅರ್ಧ ಆಗಿತ್ತು, ಹೊಸಿಲ ಮೇಲೆ ನೆರಳು ಬಿತ್ತು.

ಸೋವರಸ ನಿಂತಿದ್ದ. ಅವನ ಹಿಂದೆ ಬೆನ್ನಿನ ಬೊಂಬೆ.

“ಬೊಂಬೆಯನ್ನ ಏನೋ ಕೇಳಿದೆಯಂತೆ, ಈರಿ.”

ಅವಳು ಎದ್ದು ನಿಂತಳು. ಕೇಳಿದ್ದು ಹೌದು ಅಂದಳು.

“ಈಗೇನು ಕೆರೀತಾ ಇದ್ದೀಯಾ?”

“ಮರಿ ಅಚ್ಚುಗಳಿಗೆ ಗೀರು ಹಾಕ್ತಾ ಇದ್ದೀನಿ, ಬುದ್ಧಿ.”

ಸೋವರಸ ಅಚ್ಚುಗಳನ್ನು ನೋಡಿದ. ತೊಟ್ಟಿಲಲ್ಲಿದ್ದ ಕೂಸನ್ನು ನೋಡಿದ. ನಕ್ಕ. “ತಾಯಿ ನನ್ನ ಮನೇಲಿ. ಮರಿಗಳಿಗೆ ನೀನು ಏನು ಕಿವಿಯೂದಿದರೂ ತಾಯಿ ಮಾತು ಮೀರ್ತಾವಾ? ಕೆರಕೋ, ಕೆರಕೋ. ಕೈಗೆ ಕೆಲಸ ಇದ್ದರೆ ಹೆದರಿಕೆ ಮರೆಯುತ್ತೆ.”

ಅವನು ಹೊರಡಲು ತಿರುಗಿದ. ಗೂಡಿನಲ್ಲಿ ಇನ್ನೊಂದು ಅಚ್ಚಿತ್ತು. ಬೆನ್ನಿನ ಬೊಂಬೆಯದು. ಈರಕ್ಕ ಅದನ್ನು ಕೈಗೆ ತೆಗೆದುಕೊಂಡಳು.

“ನಿಮ್ಮದಕ್ಕೂ ಒಂದು ಗೀರು ಹಾಕಲಾ, ಬುದ್ಧಿ? ಹಾಕಿದರೆ ಒಳ್ಳೇದು.”

ಅವನ ಮುಖ ಕಪ್ಪಾಯಿತು. “ನನ್ನ ಬೆನ್ನಿಗೇ ಚೂರಿ ಹಾಕೋಕೆ ನೋಡ್ತೀಯಾ? ಅದನ್ನ ಮುಟ್ಟಿದರೆ ನಿನ್ನ ಕೈ ಕಡಿಸ್ತೀನಿ.”

“ಆಗಲಿ, ಮುಟ್ಟೋದಿಲ್ಲ” ಅಂದಳು ಈರಕ್ಕ. ಅಚ್ಚನ್ನು ಗೂಡಿನಲ್ಲೇ ಇಟ್ಟಳು.

ಹುಣ್ಣಿಮೆಯ ಮಧ್ಯಾಹ್ನ ಊರು ಸತ್ತಂತೆ ಇತ್ತು. ನಾಯಿ ಕೂಡ ಬೊಗಳಲಿಲ್ಲ. ಅರಮನೆಯಲ್ಲಿ ದೊರೆ, ಅವನ ಬಾಗಿಲಲ್ಲಿ ಬೊಂಬೆ. ಮನೆಮನೆಯಲ್ಲಿ ಜನ, ಅವರ ಬಾಗಿಲಲ್ಲಿ ಬೊಂಬೆ. ಈರಕ್ಕ ತೊಟ್ಟಿಲ ಪಕ್ಕ ಕೂತಿದ್ದಳು. ತೊಟ್ಟಿಲ ಅಚ್ಚಿನ ಕೊನೆಯ ಗೀರು ಆಳವಾಗಿ ಬಿದ್ದಿತ್ತೋ ಇಲ್ಲವೋ ಅವಳಿಗೇ ನಂಬಿಕೆ ಇರಲಿಲ್ಲ.

ಕೊತ್ತಲದಿಂದ ಕೂಗು ಬಂತು.

“ಹಿಡಿ.”

ಬಾಗಿಲ ಬೊಂಬೆ ಕೈ ಚಾಚಿತು. ನಿಂಗವ್ವ ಕಣ್ಣು ಮುಚ್ಚಿದಳು. ಬೊಂಬೆ ಅಗುಳಿ ಹಿಡಿಯಿತು.

ಬಾವಿಯ ಬೊಂಬೆ ಕೈ ಚಾಚಿತು. ಹಗ್ಗ ಹಿಡಿಯಿತು.

ತೊಟ್ಟಿಲ ಬೊಂಬೆ ಕೂಸಿನ ಮೇಲೆ ಬಾಗಿತು. ಬೆರಳುಗಳು ಕೆಳಗೆ ಬಂದವು. ಇನ್ನೂ ಕೆಳಗೆ ಬಂದವು. ಬೆರಳು ಕೂಸಿನ ಕೆನ್ನೆ ಸವರಿಕೊಂಡು ಪಕ್ಕಕ್ಕೆ ಹೋದವು. ತೊಟ್ಟಿಲ ಹಗ್ಗ ಹಿಡಿದವು. ತೂಗಿದವು.

ಆಮೇಲೆ ಕೊತ್ತಲದಿಂದ ಇನ್ನೊಂದು ಮಾತು ಬರುತ್ತದೆ ಅಂತ ಊರೆಲ್ಲ ಕಾಯಿತು. ಬರಲಿಲ್ಲ. ಹೊತ್ತು ಇಳಿಯಿತು, ಆಗಲೂ ಬರಲಿಲ್ಲ.

ದೊರೆಯ ಕಡೆಯವರು ಕೊತ್ತಲ ಹತ್ತಿ ನೋಡಿದರು. ಈರಕ್ಕ ಬೇರೆ ಮರಿ ಅಚ್ಚುಗಳಲ್ಲಿ ಕೆತ್ತಿದ ‘ಹಿಡಿ’ ಅನ್ನೋ ಮಾತು ಬೆನ್ನಿನ ಬೊಂಬೆಯ ಅಚ್ಚಿನಲ್ಲಿ ಇರಲಿಲ್ಲ. ಅದು ತಾಯಿಯ ಹತ್ತಿರ ಹೋಗಿ ಕೇಳಿತ್ತು. ಹತ್ತಿರ ಇರುವವರ ಕೊರಳು ಅಂದಿತ್ತು ತಾಯಿ. ಹತ್ತಿರ ಇದ್ದದ್ದು ಸೋವರಸನೇ. ಬಿಡು ಅನ್ನಬೇಕಾದವನು ಅವನೊಬ್ಬನೇ. ಆ ಮಾತು ಹೊರಡಬೇಕಾದ ಕೊರಳು ಬೊಂಬೆಯ ಕೈಯಲ್ಲಿತ್ತು. ಅವನ ತುಟಿ ಮಾತ್ರ ಆಡುತ್ತಿತ್ತು. ಮಣ್ಣಿನ ಕೈ ಒಡೆದು ಬಿಡಿಸಿದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ತಾಯಿ ಅಚ್ಚು ಮನೆಗೆ ಬಂತು. ಈರಕ್ಕ ಆ ಮೂರು ಮಾತಿಗೂ ಅರಗು ತುಂಬಿ, ಅರಿಶಿನದ ಬಟ್ಟೆ ಸುತ್ತಿ ಮೇಲಿಟ್ಟಳು. ಬೊಂಬೆಗಳ ಕಣ್ಣು ಮುಚ್ಚಿದವು. ದೊರೆ ಕೇಳಿದ, ಅವನ ಬೊಂಬೆಗೆ ನೀನೇನು ಮಾಡಿದೆ ಅಂತ.

“ಏನೂ ಮಾಡಲಿಲ್ಲ, ಬುದ್ಧಿ. ಮುಟ್ಟಬೇಡ ಅಂದಿದ್ದರು.”

ನಿಂಗವ್ವ ಅವತ್ತು ಸಾರಿಗೆ ದಳವಾಯಿಯ ಉಪ್ಪನ್ನೇ ಹಾಕಿದಳು. ಆದರೂ ಬಾಗಿಲ ಕಡೆ ಒಮ್ಮೆ ನೋಡಿಯೇ ಮಾತಾಡಿದಳು. ಹೆದರಿಕೆ ಹೋಗಲು ಹೊತ್ತು ಬೇಕು.

ಮಕ್ಕಳೇ, ನಾಳೆ ಪಾಠದಲ್ಲಿ ಕ್ಲಾಸ್ ಅಂದಾಗ ಅಚ್ಚನ್ನು ನೆನೆಯಿರಿ, ಆಬ್ಜೆಕ್ಟ್ ಅಂದಾಗ ಬೊಂಬೆಯನ್ನು. ನೀವೂ ಒಂದು ದಿನ ತಾಯಿ ಅಚ್ಚು ಕೆತ್ತುತ್ತೀರಿ. ಆಗ ನೆನಪಿರಲಿ. ಮೂಲದಲ್ಲಿ ಇಟ್ಟ ವಿಷ ಎಲ್ಲ ಕೊಂಬೆಗೂ ಏರುತ್ತದೆ, ಇಟ್ಟವನು ಕೂತ ಕೊಂಬೆಗೂ.