ಸೋಸದ ನೀರಿನ ತೀರ್ಥ

ದಾವಣಗೆರೆಯ ಗುರುಬಸಪ್ಪ ಸಾವ್ಕಾರ್ರು ಬ್ಯಾಟರಿಗೆ ಹಾಕುವ ಶುದ್ಧ ನೀರು ಮಾಡಿ ಮಾರುತ್ತಿದ್ದರು. ಚಾವಣಿಯ ಮಳೆನೀರು ತೊಟ್ಟಿಗೆ ಬೀಳಬೇಕು. ಅದನ್ನು ಮರಳು, ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಸೋಸಬೇಕು. ಆಮೇಲೆ ರೇಸಿನ್ ಅನ್ನುವ ಹಳದಿ ಕಾಳಿನ ಕೊಳವೆಗೆ ಬಿಟ್ಟರೆ ನೀರು ಶುದ್ಧ.

ಮೊದಲ ಮಳೆ ಬಂತು. ಸಾವ್ಕಾರ್ರಿಗೆ ಅವಸರ.

"ಆ ಡ್ರಮ್ಮು ಹನಿ ಹನಿ ಇಳಿಸೋದು ನೋಡ್ತಾ ಕೂತ್ರೆ ಆರ್ಡರು ಹೋದಂಗೇ. ಎತ್ತಿ ಆಚೆಗಿಡು. ಅಷ್ಟು ದುಬಾರಿ ರೇಸಿನ್ ಇರೋದ್ಯಾಕೆ? ಎಲ್ಲಾ ಅದೇ ನೋಡ್ಕೊಳ್ತದೆ."

"ರೇಸಿನ್ ಕೆಟ್ಟೋದ್ರೆ?" ಅಂದಳು ಕೆಲಸದ ಹಾಲಮ್ಮ.

"ಕೆಟ್ಟೋದ್ರೆ ನಿನ್ನ ಕೆಲಸಾನೂ ಹೋಯ್ತು ಅಂತ ತಿಳ್ಕೊ."

ಹಾಲಮ್ಮ ಡ್ರಮ್ಮು ಎತ್ತಿ ಆಚೆಗಿಟ್ಟಳು.

ವರ್ಷದ ಹೊಸ ನೀರು ಕೊಳವೆಗೆ ಬಿಡುವ ಮೊದಲು ಗಂಗೆಪೂಜೆ ಮಾಡುವುದು ಅಲ್ಲಿನ ರೂಢಿ. ಹಾಲಮ್ಮ ತೊಟ್ಟಿಯಿಂದಲೇ ಚೊಂಬು ತುಂಬಿದಳು, ಅರಿಸಿನ ಕುಂಕುಮ ಇಟ್ಟಳು, ಊದುಬತ್ತಿ ಹಚ್ಚಿದಳು. ಕೆಲಸದವರೆಲ್ಲ ಸೇರಿದರು.

"ಮೊದಲ ತೀರ್ಥ ಸಾವ್ಕಾರ್ರಿಗೆ," ಅಂದಳು.

ಸಾವ್ಕಾರ್ರು ಗತ್ತಿನಿಂದ ಮುಂದೆ ಬಂದು ಅಂಗೈ ಒಡ್ಡಿದರು. ಹಾಲಮ್ಮ ಧಾರಾಳವಾಗಿ ಸುರಿದಳು. ಅಂಗೈ ತುಂಬ ಕಪ್ಪು ನೀರು. ಮೇಲೆ ಪಾರಿವಾಳದ ಪುಕ್ಕ ತೇಲುತ್ತಿತ್ತು.

"ಥೂ! ಇದನ್ನ ಸೋಸಿಲ್ವೇನೇ?"

"ಸೋಸೋದು ಬ್ಯಾಡ ಅಂದ್ರಲ್ಲ."

"ಅದು ರೇಸಿನ್ನಿಗೆ ಹೇಳಿದ್ದು, ನನಗಲ್ಲ!"

"ಅದೂ ಹಿಂಗೇ ಥೂ ಅಂತಿತ್ತು ಸಾವ್ಕಾರ್ರೇ. ಪಾಪ, ಅದಕ್ಕೆ ಬಾಯಿಲ್ಲ."

ನಗು ಮುಚ್ಚಿಡಲು ಕೆಲಸದವರೆಲ್ಲ ಚಾವಣಿ ನೋಡಿದರು. ಸಾವ್ಕಾರ್ರು ಕೈ ಕೊಡವಿಕೊಂಡು, ಎಲ್ಲರನ್ನೂ ಒಂದು ಸುತ್ತು ದುರುಗುಟ್ಟಿ ನೋಡಿ ಗುಡುಗಿದರು:

"ಡ್ರಮ್ಮು ಎತ್ತಿಡು ಅಂದ ದಡ್ಡ ಯಾವನ್ರೋ ಅವನು?"