ಸಾವಿರ ಮೀನಿನ ಗೂಡು, ರಾಣಿಯ ತವರಿನವರು

ಸಂಪಿಗೆದುರ್ಗದ ದೊರೆ ಕಸ್ತೂರಿನಾಯಕನಿಗೆ ಮೀನಿನ ಸಾರು ಅಂದರೆ ಪ್ರಾಣ. ಅವನ ಕೆರೆಯಲ್ಲಿ ಬಿದಿರಿನ ಗೂಡು ಕಟ್ಟಿ, ಅದರೊಳಗೆ ಮರಿ ಬಿಟ್ಟು, ಹಿಂಡಿ ಹಾಕಿ ಮೀನು ಸಾಕುತ್ತಿದ್ದರು. ಆ ಗೂಡಿಗೆ ಬಿದಿರು ಸೀಳಿದವನು ನಮ್ಮ ಮುತ್ತಾತ. ಒಂದೇ ಏಟಿಗೆ ನೂರು ಬಿದಿರು! ನಂಬದವರು ಅವನ ಕತ್ತಿಯನ್ನೇ ಕೇಳಲಿ.

ಒಂದು ದಿನ ದೊರೆ ಮೀಸೆ ತಿರುವಿದ. "ಪಕ್ಕದ ದೊರೆ ಒಂದು ಗೂಡಲ್ಲಿ ನೂರು ಮೀನು ಸಾಕ್ತಾನಂತೆ. ನನ್ನ ಗೂಡಿಗೆ ಸಾವಿರ ಬಿಡಿ. ಒಂದೊಂದೂ ನನ್ನ ತೋಳುದ್ದ ಬೆಳೀಬೇಕು!"

ಮೀನು ಸಾಕುವ ಬೆಸ್ತರ ಸಣ್ಣೀರ ಕೈಮುಗಿದ. "ಬುದ್ಧೀ, ಮೀನಿಗೂ ತಿರುಗಾಡೋಕೆ ಜಾಗ ಬೇಕು..."

"ಜಾಗ ಯಾಕೋ? ಮೀನೇನು ಕೋಲಾಟ ಆಡ್ತಾವಾ? ಹೊಟ್ಟೆ ತುಂಬಾ ಹಾಕಿದರೆ ಸುಣ್ಣದ ಡಬ್ಬಿಯಲ್ಲೂ ಆನೆ ಬೆಳೆಯುತ್ತೆ!"

ಬಿಟ್ಟರು ಸಾವಿರ. ಹಬ್ಬದ ಹೊತ್ತಿಗೆ ಗೂಡಿಗೆ ಇಣುಕಿದರೆ ಏನಿದೆ? ಮೀನೆಲ್ಲ ಒಣಗಿದ ಹುಣಸೆಕಾಯಿಯಂತೆ ಸೊರಗಿವೆ. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಮಿಕ್ಕವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ.

ದೊರೆ ಕೆಂಡವಾದ. "ಮೀನು ಸಣ್ಣ, ನೀನು ದಪ್ಪ! ಹಿಂಡಿಯೆಲ್ಲ ನೀನೇ ತಿಂದಿದ್ದೀಯ. ಬರುವ ಅಮಾವಾಸ್ಯೆಗೆ ಇವನ ತಲೆ ಬೋಳಿಸಿ, ಕತ್ತೆ ಮೇಲೆ ಕೂರಿಸಿ ನಾಡಿನಾಚೆ ಅಟ್ಟಿ!"

ಸಣ್ಣೀರ ಅಳುತ್ತಾ ಆಸ್ಥಾನದ ಜಾಣ ಮಲ್ಲರಸನ ಕಾಲು ಹಿಡಿದ. ಮಲ್ಲರಸ ನೇರ ದೊರೆಯ ಮುಂದೆ ನಿಂತ.

"ಪ್ರಭು, ಸರಿಯಾಗಿ ಹೇಳಿದಿರಿ. ಊಟವಿದ್ದರೆ ಸಾಕು, ಜಾಗ ಯಾರಿಗೆ ಬೇಕು? ಅಮ್ಮಾವ್ರ ತವರಿನವರು ಬರ್ತೀವಿ ಬರ್ತೀವಿ ಅಂತಿದ್ದಾರೆ. ಎಲ್ಲರನ್ನೂ ಕರೆಸಿ ನಿಮ್ಮ ಕೋಣೆಯಲ್ಲೇ ಇಳಿಸಿದರಾಯಿತು."

ರಾಣಿ ಪಕ್ಕದಲ್ಲೇ ಕೂತಿದ್ದಳು. ದೊರೆ ಬೇಡ ಅನ್ನೋಕೆ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ.

ಬಂದರು ನೋಡಿ! ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ, ಸೋದರತ್ತೆಯ ಅತ್ತೆ, ಆ ಮುದುಕಿಯ ಮೇಕೆ. ಒಬ್ಬ ಮಾವನ ಗೊರಕೆಗೆ ಕೋಟೆಯ ಕಲ್ಲುಗಳು ಸಡಿಲವಾಗಿ ಇವತ್ತಿಗೂ ಅಲ್ಲಾಡುತ್ತವೆ. ದೊರೆ ಕಡುಬಿಗೆ ಕೈ ಚಾಚಿದರೆ ತಟ್ಟೆಯಲ್ಲಿ ಹತ್ತು ಕೈ ಮೊದಲೇ ಇರುತ್ತಿದ್ದವು. ಗಡಿಬಿಡಿಯಲ್ಲಿ ಭಾವಮೈದ ಕಡುಬೆಂದು ದೊರೆಯ ಹೆಬ್ಬೆರಳನ್ನೇ ಕಚ್ಚಿದ. ಮೇಕೆ ಅರ್ಧ ಮೀಸೆ ಮೇಯ್ದಿತು.

ಅಮಾವಾಸ್ಯೆಯ ಬೆಳಗ್ಗೆ ಮಲ್ಲರಸ ಬಂದಾಗ ದೊರೆ ಕಿಟಕಿಯಿಂದ ಮುಖ ಹೊರಗಿಟ್ಟು ಬಾಯಿ ಬಾಯಿ ಬಿಡುತ್ತಿದ್ದ. ನಡುಪಟ್ಟಿ ಮಂಡಿಗೆ ಜಾರಿತ್ತು.

"ಅಯ್ಯೋ, ಇದೇನು ಪ್ರಭು, ಇಷ್ಟು ಸೊರಗಿದ್ದೀರಿ! ಅಡುಗೆಯವನು ಊಟ ಕದ್ದು ತಿಂದನೇ? ಸಣ್ಣೀರ ಆಗಲೇ ಕತ್ತೆ ಮೇಲಿದ್ದಾನೆ. ಅಡುಗೆಯವನನ್ನೂ ಹತ್ತಿಸಲೇ?"

"ಅವನದೇನು ತಪ್ಪೋ! ಕೊಪ್ಪರಿಗೆಗಟ್ಟಲೆ ಬೇಯಿಸ್ತಾನೆ. ತುತ್ತು ಎತ್ತೋಕೆ ಜಾಗ ಇಲ್ಲ, ಉಸಿರಿಗೆ ಗಾಳಿ ಇಲ್ಲ, ಪಕ್ಕಕ್ಕೆ ಹೊರಳಿದರೆ ಕಚ್ಚುತ್ತಾರೆ..."

ದೊರೆ ತಿರುಗಿ ಮಲ್ಲರಸನ ಮುಖ ನೋಡಿದ. ಮಲ್ಲರಸ ಏನೂ ಅರಿಯದವನಂತೆ ಕೆರೆಯ ಕಡೆ ನೋಡುತ್ತಿದ್ದ.

ದೊರೆ ಹೊಟ್ಟೆ ಹಿಡಿದು ನಕ್ಕ. ಸೊರಗಿ ಉಳಿದಿದ್ದಷ್ಟು ಹೊಟ್ಟೆಯನ್ನೇ ಹಿಡಿದ. "ಸಣ್ಣೀರನನ್ನು ಕತ್ತೆಯಿಂದ ಇಳಿಸ್ರೋ! ಗೂಡಲ್ಲಿ ಎಷ್ಟು ಮೀನಿರಬೇಕು ಅಂತ ಇನ್ನು ಅವನೇ ಹೇಳಲಿ. ಮಿಕ್ಕಿದ್ದನ್ನ ಬಲೆ ಹಾಕಿ ತೆಗೆದು ಕೆರೆಗೆ ಬಿಡಲಿ. ಮಲ್ಲರಸ, ನಿನಗೆ ಮುತ್ತಿನ ಹಾರ. ಆದರೆ ಮೊದಲು ನನ್ನ ಕೋಣೆ ಖಾಲಿ ಮಾಡಿಸಪ್ಪಾ!"

ಮಲ್ಲರಸ ಹಾರವನ್ನು ಕೊರಳಿಗೆ ಹಾಕಿಕೊಂಡು ಮೆಲ್ಲಗೆ ಬಾಗಿಲ ಕಡೆ ಸರಿದ.

"ಅದೊಂದು ಆಗದು ಪ್ರಭು. ಹೆಂಡತಿಯ ತವರಿನವರನ್ನು ಎಳೆದು ಹಾಕೋ ಬಲೆಯನ್ನ ಯಾವ ಬೆಸ್ತನೂ ಇನ್ನೂ ಹೆಣೆದಿಲ್ಲ!"