ಬಿದ್ದ ತಾರಸಿಯ ಒಗಟು

ಡಂಗುರದವನು ಕೂಗಿದ್ದು ಇಷ್ಟು:

"ಕೇಳ್ರಪ್ಪೋ ಕೇಳಿ! ಹೊಂಗಲ್ಲು ಸೀಮೆಯ ದೊರೆಗಳ ಅಪ್ಪಣೆ. ನಮ್ಮ ಸೀಮೆ ಬೆಳೆಯುತ್ತಿದೆ. ಹತ್ತು ವರ್ಷದಲ್ಲಿ ಸಾವಿರ ಕಟ್ಟಡ ಏಳಬೇಕು. ಕಡಲಾಚೆಯ ಕಾರ್ಖಾನೆಯವರು ಕಬ್ಬಿಣ, ಗಾಜು, ಹೆಂಚು ತಂದು ಮಾರಬಹುದು. ಆದರೆ ದೊರೆಗಳ ಮೂರು ಒಗಟು ಬಿಡಿಸಿದವನಿಗೇ ಆ ಹಕ್ಕು. ಜೊತೆಗೆ ಅವನು ಕೇಳಿದ್ದು ಇನ್ನೊಂದು ಸಿಗುತ್ತದೆ. ತಪ್ಪು ಹೇಳಿದವನ ತಲೆ ಸಂಜೆಗೆ ಉರುಳುತ್ತದೆ. ಯಾರು ಬೇಕಾದರೂ ಬರಬಹುದು!"

ಗಾರೆ ಅರೆಯುತ್ತಿದ್ದ ಓಬಳ ಕೈ ನಿಲ್ಲಿಸಿದ. ಕೊನೆಯ ಮಾತು ಮಾತ್ರ ಅವನ ಕಿವಿಯಲ್ಲಿ ಉಳಿಯಿತು.

ಎರಡು ತಿಂಗಳ ಹಿಂದೆ ದೊರೆಯ ಹೊಸ ಭೋಜನಶಾಲೆಯ ತಾರಸಿ ಕುಸಿದಿತ್ತು. ಒಂಬತ್ತು ಜನ ಕೂಲಿಯವರು ಸತ್ತರು. ಒಬ್ಬ ಓಬಳನ ತಮ್ಮ. ಈಗ ಅದರ ಪಕ್ಕದಲ್ಲೇ ಸಭಾಮಂಟಪದ ತಾರಸಿ ಹಾಕಿ ಹನ್ನೊಂದು ದಿನವಾಗಿತ್ತು. ಗಾರೆ ಇನ್ನೂ ಹಸಿ. ಅಡಿಯಲ್ಲಿ ಆಸರೆಗೆ ಕೊಟ್ಟ ಕಂಬಗಳನ್ನು ನಾಳೆ ಬೆಳಿಗ್ಗೆ ಕೀಳಬೇಕೆಂದು ಅಪ್ಪಣೆಯಾಗಿತ್ತು. ಕಿತ್ತ ಕಂಬ ಹೊರುವ ಸಾಲಿನಲ್ಲಿ ಅವನ ಹೆಂಡತಿ ಗಂಗಿ ಇದ್ದಳು.

ಬೇಡವೆಂದು ಮೇಸ್ತ್ರಿಗೆ ಹೇಳಿದ್ದ. ಬೆನ್ನಿಗೆ ಬಾರುಕೋಲು ಬಿದ್ದಿತ್ತು.

"ಎಲ್ಲಿಗ್ ಹೊಂಟೆ?" ಗಂಗಿ ಕೇಳಿದಳು.

"ಅರಮನೆಗೆ."

"ತಲೆ ಹೋಗ್ತೈತೆ ಕಣಯ್ಯಾ."

"ನಾಳೆ ನಿಂದು ಹೋಗ್ತೈತೆ. ಎರಡ್ರಾಗೆ ಒಂದಾದ್ರೂ ಉಳೀಲಿ."

"ಉಂಡಾದ್ರೂ ಹೋಗು."

ಅವನು ಉಣ್ಣಲಿಲ್ಲ. ಹೊಟ್ಟೆ ತುಂಬ ಸಿಟ್ಟೇ ಇತ್ತು.

ಸಭೆಯಲ್ಲಿ ಮೂವರು ಪರದೇಶಿ ಕಾರ್ಖಾನೆಯವರು ರೇಷ್ಮೆಯ ದಿಂಬಿಗೆ ಒರಗಿ ಕೂತಿದ್ದರು. ಗಾಜಿನವನು, ಕಬ್ಬಿಣದವನು, ಹೆಂಚಿನವನು. ಓಬಳ ಬಾಗಿಲ ಬಳಿ ನಿಂತ. ಮೈಮೇಲಿನ ಸುಣ್ಣ ನೆಲಕ್ಕೆ ಉದುರಿತು. ಪ್ರಧಾನಿ ಮೂಗು ಮುಚ್ಚಿಕೊಂಡ.

ದೊರೆ ಮೊದಲ ಒಗಟು ಹೇಳಿದ. "ಬೆಂಕಿಯಲ್ಲಿ ಸುಮ್ಮನಿರುತ್ತದೆ. ತಣ್ಣೀರು ಸೋಕಿದರೆ ಕುದಿಯುತ್ತದೆ. ಕುದಿದು ಆರಿದ ಮೇಲೆಯೇ ಕೆಲಸಕ್ಕೆ ಬರುತ್ತದೆ. ಏನದು?"

"ನಮ್ಮ ಗಾಜು, ಪ್ರಭು!"

"ಗಾಜು ಸಿಡಿಯುತ್ತದೆ, ಕುದಿಯುವುದಿಲ್ಲ. ಇವನನ್ನು ಕಂಬಕ್ಕೆ ಕಟ್ಟಿ."

"ಹಾಗಾದರೆ ಕಬ್ಬಿಣ," ಎಂದ ಕಬ್ಬಿಣದವನು. "ಕಾಸಿ ನೀರಿಗೆ ಅದ್ದಿದರೆ ಬುಸ್ಸೆನ್ನುತ್ತದೆ."

"ಬುಸ್ಸೆನ್ನುವುದು ನೀರು. ಇವನನ್ನೂ ಕಟ್ಟಿ."

ಹೆಂಚಿನವನು ಜಾಣ, ಬಾಯಿ ಬಿಡಲಿಲ್ಲ. ಓಬಳ ಎರಡೂ ಕೈ ಮುಂದೆ ಚಾಚಿದ. ಅಂಗೈ ತುಂಬ ಸುಟ್ಟ ಕಲೆ.

"ಸುಟ್ಟ ಸುಣ್ಣದ ಕಲ್ಲು, ಬುದ್ಧಿ. ನೀರು ಹುಯ್ಯೋರು ನಾವು. ಅದು ಕುದಿಯೋದು ನಮ್ಮ ಕೈ ಮೇಲೆ."

ದೊರೆ ಸರಿಯೆಂದು ತಲೆಯಾಡಿಸಿದ. ಎರಡನೆಯದು ಹೇಳಿದ. "ಮನೆಯ ಜೊತೆಗೇ ಏಳುತ್ತದೆ. ಮನೆಗಿಂತ ಎತ್ತರ ನಿಲ್ಲುತ್ತದೆ. ಗೃಹಪ್ರವೇಶದ ದಿನ ಅದಕ್ಕೆ ಮಾತ್ರ ಜಾಗವಿಲ್ಲ."

ಹೆಂಚಿನವನು ಈಗಲೂ ಸುಮ್ಮನಿದ್ದ.

"ಬಿದಿರು ಕಟ್ಟಿದ ಸಾರುವೆ," ಎಂದ ಓಬಳ. "ಅದರ ಮೇಲೆ ಹತ್ತಿ ಕಟ್ಟಿದ ನಾವೂ ಅದೇ. ಗೃಹಪ್ರವೇಶಕ್ಕೆ ನಮ್ಮನ್ನ ಯಾರು ಕರೀತಾರೆ?"

"ಒಗಟಿಗೆ ಉತ್ತರ ಸಾಕು, ಹೆಚ್ಚಿಗೆ ಮಾತು ಬೇಡ," ಎಂದು ಪ್ರಧಾನಿ ಗದರಿದ.

ದೊರೆ ಕೈಯೆತ್ತಿ ಅವನನ್ನು ತಡೆದ. "ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ನನ್ನ ಭೋಜನಶಾಲೆಗೆ ಒಳ್ಳೆಯ ಕಬ್ಬಿಣ ಹಾಕಿಸಿದೆ, ಒಳ್ಳೆಯ ಗಾರೆ ಹಾಕಿಸಿದೆ. ಎಲ್ಲ ಇತ್ತು. ಆದರೂ ಬಿತ್ತು. ಏನು ಕಡಿಮೆಯಾಗಿತ್ತು?"

ಹೆಂಚಿನವನು ಎದ್ದೇಬಿಟ್ಟ. "ಒಳ್ಳೆಯ ಹೆಂಚು, ಪ್ರಭು! ನಮ್ಮ ಹೆಂಚು ಹೊದಿಸಿದ್ದರೆ ಬೀಳುತ್ತಿರಲಿಲ್ಲ."

"ಕಡಲಾಚೆಯಿಂದ ತರಿಸಿ ಹೊದಿಸಿದ್ದು ನಿಮ್ಮದೇ ಹೆಂಚು."

ಮೂರನೆಯವನನ್ನೂ ಕಟ್ಟಿದರು. ಓಬಳ ಒಬ್ಬನೇ ಉಳಿದ.

"ಹೇಳು," ಎಂದ ದೊರೆ.

"ದಿನ ಕಡಿಮೆಯಾಗಿತ್ತು, ಬುದ್ಧಿ."

"ಅಂದರೆ?"

"ತಾರಸಿಯ ಗಾರೆ ಬಲಿಯೋಕೆ ತಿಂಗಳಾದ್ರೂ ಬೇಕು. ದಿನಾ ನೀರು ಕುಡಿಸ್ತಾ ಕಾಯಬೇಕು. ಅಲ್ಲೀತನಕ ಕಂಬ ಮುಟ್ಟಬಾರದು. ಹನ್ನೆರಡನೇ ದಿನ ಕೀಳಿಸಿದ್ರು."

"ಯಾರು ಕೀಳಿಸಿದ್ದು?"

"ನೀವು. ನಿಮ್ಮ ಹುಟ್ಟುಹಬ್ಬದ ಊಟಕ್ಕೆ ಭೋಜನಸಾಲೆ ಬೇಕಿತ್ತಲ್ಲ."

"ಇವನ ನಾಲಿಗೆ ಕೀಳಿಸಿ!" ಪ್ರಧಾನಿ ಕಿರುಚಿದ.

"ಕೀಳಿಸಿ," ಎಂದ ಓಬಳ. "ಅದೂ ನಿಮಗೆ ಬೇಗ ಆಗೋ ಕೆಲಸ. ಕೀಳಿಸಿದ ಮೇಲೆ ಸಭಾಮಂಟಪ ಹತ್ತಿ ತಾರಸಿಗೆ ಉಗುರು ಊರಿ ನೋಡಿ. ಉಗುರು ಇಳೀತೈತೆ. ನಾಳೆ ಅದರಡಿ ನನ್ನ ಹೆಂಡ್ತಿ ಇರ್ತಾಳೆ."

ದೊರೆ ಎದ್ದು ಸಭಾಮಂಟಪಕ್ಕೆ ನಡೆದ. ತಾನೇ ಏಣಿ ಹತ್ತಿದ. ತಾರಸಿಗೆ ಹೆಬ್ಬೆರಳು ಒತ್ತಿದ. ಉಗುರು ಪೂರ್ತಿ ಒಳಗಿಳಿಯಿತು. ಇಳಿದು ಬಂದಾಗ ಅವನ ಮುಖ ಸಣ್ಣದಾಗಿತ್ತು.

"ಉತ್ತರ ಸರಿ," ಎಂದ. "ಮಾರುವ ಹಕ್ಕು ನಿನ್ನದು. ಇನ್ನೊಂದು ಕೇಳು. ಹೊನ್ನೋ, ಊರೋ?"

"ಹೊನ್ನು ಕೊಟ್ರೆ ನನ್ನ ತಮ್ಮ ಬರ್ತಾನಾ? ಹಕ್ಕೂ ಬೇಡ. ಒಳ್ಳೆ ಮಾಲು ಯಾರು ತಂದ್ರೂ ಮಾರ್ಲಿ. ಇವರನ್ನ ಬಿಚ್ಚಿ. ಇವರು ಬೀಳಿಸಿದ್ದಲ್ಲ."

"ಮತ್ತೇನು ಬೇಕು?"

"ಒಂದು ಕಟ್ಟಳೆ. ಕಂಬ ಕೀಳೋಕೆ ಅಪ್ಪಣೆ ಕೊಟ್ಟೋರು, ಕೀಳುವಾಗ ಅದೇ ತಾರಸಿಯಡಿ ನಿಲ್ಲಬೇಕು. ದೊರೆಯಾದ್ರೂ ಸರಿ."

ದೊರೆ ಕಟ್ಟಿದ್ದ ಮೂವರನ್ನೂ ಬಿಚ್ಚಿಸಿದ. ಆಮೇಲೆ ಕಟ್ಟಳೆಗೆ ಮುದ್ರೆ ಒತ್ತಿಸಿದ. ಸೀಮೆಯ ಎಲ್ಲ ಕಟ್ಟಡಗಳ ಮೇಲೂ ಓಬಳನನ್ನೇ ನೇಮಿಸಿದ. ಓಬಳ ಕೈಮುಗಿಯಲಿಲ್ಲ.

ಮರುದಿನ ಬೆಳಿಗ್ಗೆ ಪ್ರಧಾನಿ ಕಟ್ಟಡದ ಬಳಿ ಬಂದ. ಅವಸರ ಮಾಡುವ ಹಳೆಯ ಚಾಳಿ ಬಿಟ್ಟಿರಲಿಲ್ಲ.

"ನೋಡಪ್ಪಾ ಓಬಳಯ್ಯ, ವಾರದೊಳಗೆ ಪರದೇಶದ ಅತಿಥಿಗಳು ಬರುತ್ತಾರೆ. ಈಗಲೇ ಕಂಬ ಕೀಳಿಸಿದರೆ ಆಗದೇ?"

"ಆಗ್ತೈತೆ ಸ್ವಾಮಿ, ಯಾಕಾಗಲ್ಲ? ಬನ್ನಿ, ಹಿಂಗೆ ನಡುಮಧ್ಯೆ ಬಂದು ನಿಲ್ಲಿ. ಲೇ, ಕೊಡಲಿ ತರ್ರೋ!"

ಪ್ರಧಾನಿ ಮೇಲೆ ನೋಡಿದ. ಹಸಿ ತಾರಸಿಯಿಂದ ಒಂದು ಹನಿ ಅವನ ಹಣೆಗೆ ಬಿತ್ತು.

"ಇರಲಿ, ಇರಲಿ. ತಿಂಗಳು ತುಂಬಲಿ," ಎನ್ನುತ್ತ ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಹೊರಟುಹೋದ.

ಕೂಲಿಯವರು ಬಿದ್ದು ಬಿದ್ದು ನಕ್ಕರು. ಓಬಳ ನಗಲಿಲ್ಲ. ಗಂಗಿ ಕೊಡ ಹೊತ್ತು ಏಣಿ ಹತ್ತಿ ತಾರಸಿಗೆ ನೀರು ಹುಯ್ದಳು.

ಆ ಸೀಮೆಯಲ್ಲಿ ಆಮೇಲೆ ಬಹಳ ಕಟ್ಟಡ ಎದ್ದವು. ತಡವಾಗಿ ಎದ್ದವು. ಒಂದೂ ಬೀಳಲಿಲ್ಲ.